ರೋಮನ್ ನಾಣ್ಯದ ಆಭರಣ: ಯಾವ ನಾಣ್ಯಕ್ಕೆ ಯಾವ ಕಟ್ಟು

ಹಳೆಯ ನಾಣ್ಯವನ್ನು ಮೈಮೇಲೆ ಧರಿಸುವ ರೂಢಿ ರೋಮನ್ನರಲ್ಲೇ ಇತ್ತು. ಎರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಪಾಂಪೋನಿಯಸ್, ಜನ ರತ್ನಗಳ ಹಾಗೆ ಬಳಸುವ ಹಳೆಯ ಚಿನ್ನ, ಬೆಳ್ಳಿ ನಾಣ್ಯಗಳ ಅನುಭೋಗದ ಹಕ್ಕನ್ನು ಉಯಿಲಿನಲ್ಲಿ ಬರೆದುಕೊಡಬಹುದು ಎಂದಿದ್ದಾನೆ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಕಾನೂನು ಸಂಗ್ರಹವಾದ ಡೈಜೆಸ್ಟ್‌ನಲ್ಲಿ ಆ ಮಾತು ಉಳಿದುಬಂದಿದೆ. ಮೂರನೆಯ ಶತಮಾನದಲ್ಲಿ ಸಿರಿವಂತರು ಚಿನ್ನದ ನಾಣ್ಯಕ್ಕೆ ಜಾಲರಿ ಕೆಲಸದ ಚೌಕಟ್ಟು ಕಟ್ಟಿಸಿ ಸರಕ್ಕೆ ಪೋಣಿಸುತ್ತಿದ್ದರು. ಕಾನ್‌ಸ್ಟಂಟೈನನ ಕಾಲದ ಅಂಥ ಪದಕಗಳು ಬ್ರಿಟಿಷ್ ಮ್ಯೂಸಿಯಂನಲ್ಲೂ ಲೂವ್ರ್‌ನಲ್ಲೂ ಇವೆ. 19ನೇ ಶತಮಾನದಲ್ಲಿ ರೋಮ್ ನಗರದ ಕಾಸ್ಟೆಲ್ಲಾನಿ ಎಂಬ ಅಕ್ಕಸಾಲಿಗರ ಮನೆತನ ಇದೇ ಶೈಲಿಯನ್ನು ಮತ್ತೆ ಬಳಕೆಗೆ ತಂದಿತು. 1960ರ ದಶಕದಿಂದ ಆಭರಣ ಸಂಸ್ಥೆ ಬುಲ್ಗಾರಿ ಅದನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿದೆ.

ಈಗ ಇಂಥ ಪದಕ ಕೊಳ್ಳಲು ಶ್ರೀಮಂತಿಕೆ ಬೇಕಿಲ್ಲ. ಬೇಕಾದದ್ದು ಆಯ್ಕೆಯ ತಿಳಿವಳಿಕೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಗಿರಾಕಿಗೆ ತೋರಿಸುವುದು ಮುಖದ ಚೆಲುವನ್ನು. ಆದರೆ ನಾಣ್ಯ ಬಾಳುವುದು ಲೋಹ, ದಪ್ಪ, ಅಂಚು, ಕಟ್ಟು (ನಾಣ್ಯವನ್ನು ಹಿಡಿದಿಡುವ ಬಗೆ) ಈ ನಾಲ್ಕರ ಮೇಲೆ. ಕೆಳಗಿನ ಹೋಲಿಕೆಗಳನ್ನೆಲ್ಲ ನಾವು ಒಂದೇ ಅಳತೆಗೋಲಿನಿಂದ ಅಳೆದಿದ್ದೇವೆ: ಮುಂದೊಂದು ದಿನ ಕಟ್ಟನ್ನು ಬಿಡಿಸಿದರೆ ನಾಣ್ಯ ಹೋದ ಹಾಗೆಯೇ ಹೊರಬರಬೇಕು. ಬೆಸುಗೆಯ ಕಲೆ ಇರಬಾರದು, ಅರ ಹಾಕಿದ ಗೀರು ಇರಬಾರದು, ಹೊಸ ತೂತು ಇರಬಾರದು. ಈ ಷರತ್ತಿಗೆ ಒಪ್ಪದ ಆಯ್ಕೆ ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಚೆಂದವಿರಲಿ, ಬೇಡ ಎನ್ನುತ್ತೇವೆ.

ಮೊದಲು ನಾಣ್ಯ

ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ಡಿನೇರಿಯಸ್ ಎಂಬ ಬೆಳ್ಳಿಯ ನಾಣ್ಯ. 17ರಿಂದ 19 ಮಿ.ಮೀ. ಅಗಲ, 3ರಿಂದ 3.5 ಗ್ರಾಂ ತೂಕ, ಸುಮಾರು 2 ಮಿ.ಮೀ. ದಪ್ಪ. ಪದಕಕ್ಕೆ ಹೇಳಿ ಮಾಡಿಸಿದ ಅಳತೆ. ಚಕ್ರವರ್ತಿಗಳಾದ ಟ್ರಾಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್ ಕಾಲದವು (98ರಿಂದ 161) ಹೇರಳವಾಗಿ ಸಿಗುತ್ತವೆ, ಬೆಳ್ಳಿಯ ಅಂಶವೂ ಚೆನ್ನಾಗಿದೆ. ಸೆಪ್ಟಿಮಿಯಸ್ ಸೆವೆರಸ್ (193–211) ಕಾಲಕ್ಕೆ ಬರುವಷ್ಟರಲ್ಲಿ ಬೆಳ್ಳಿ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಉಳಿದ ಅರ್ಧ ತಾಮ್ರವಾಗಿತ್ತು. ನೋಡಲು ವ್ಯತ್ಯಾಸ ತಿಳಿಯದಿದ್ದರೂ ಬೆವರು ಸೋಕಿದಾಗ ತಿಳಿಯುತ್ತದೆ: ತಾಮ್ರ ಹೆಚ್ಚಿದ್ದಷ್ಟೂ ಬೇಗ ಕಪ್ಪಾಗುತ್ತದೆ, ಚರ್ಮಕ್ಕೆ ಹಸಿರು ಹತ್ತುತ್ತದೆ. ಹಾಗಾಗಿ ದಿನವೂ ಹಾಕಿಕೊಳ್ಳುವುದಕ್ಕೆ ಎರಡನೆಯ ಶತಮಾನದ್ದು, ಅಪರೂಪಕ್ಕೆ ಹಾಕಿಕೊಳ್ಳುವುದಕ್ಕಾದರೆ ಸೆವೆರಸ್ ಕಾಲದ್ದೂ ಆಗುತ್ತದೆ.

ಡಿನೇರಿಯಸ್ ಕೊಳ್ಳುವಾಗ ಎರಡು ದೋಷಗಳ ಮೇಲೆ ಕಣ್ಣಿಡಿ. ಒಂದು, ಒಳಗೆ ತಾಮ್ರ, ಹೊರಗೆ ಬೆಳ್ಳಿಯ ಹೊದಿಕೆ ಇರುವ ನಾಣ್ಯ. ಆ ಕಾಲದ ಖೋಟಾ ನಾಣ್ಯಗಳು ಹೆಚ್ಚಾಗಿ ಹೀಗೇ ಇರುತ್ತವೆ. ಅಂಚಿನಲ್ಲೋ ಮೂಗಿನ ತುದಿಯಲ್ಲೋ ಕೆಂಪು ಇಣುಕುತ್ತದೆ, ತೂಕ 2.5–2.8 ಗ್ರಾಂಗೆ ಇಳಿದಿರುತ್ತದೆ. ಬೆವರು ಆ ಬಿರುಕಿನೊಳಗೆ ಹೋದರೆ ಹೊದಿಕೆ ಉಬ್ಬಿ ಕಿತ್ತುಬರುತ್ತದೆ. ಸಂಗ್ರಹಕ್ಕೆ ಅದು ಸೊಗಸಾದ ವಸ್ತು, ಆಭರಣಕ್ಕೆ ಬೇಡ. ಎರಡು, ಪೆಡಸಾದ ಬೆಳ್ಳಿ. ಮಣ್ಣಿನಲ್ಲಿ ಶತಮಾನಗಟ್ಟಲೆ ಇದ್ದಾಗ ಬೆಳ್ಳಿಯ ಹರಳುಗಳ ನಡುವಿನ ಗೆರೆಗಳಲ್ಲಿ ತಾಮ್ರ ಬೇರ್ಪಟ್ಟು ಸವೆಯುತ್ತದೆ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಕೂದಲೆಳೆಯ ಬಿರುಕುಗಳ ಜಾಲವಿರುತ್ತದೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಅಂಚನ್ನು ನೋಡಿದರೆ ಸಕ್ಕರೆಯ ಮುರುಕಿನಂಥ ಹರಳು ಹರಳಾದ ಮೇಲ್ಮೈ ಕಾಣುತ್ತದೆ. ಅಂಥದ್ದು ಅಕ್ಕಸಾಲಿಗನ ಒತ್ತುಕೋಲಿನ ಒಂದೇ ಒತ್ತಿಗೆ ಎರಡು ಹೋಳಾಗಬಹುದು.

ಅಗ್ಗದ್ದು ಬೇಕೆಂದರೆ ನಾಲ್ಕನೆಯ ಶತಮಾನದ ಕಂಚಿನ ನಾಣ್ಯಗಳಿವೆ. 330ರ ದಶಕದ, ಒಂದು ಬದಿ ಶಿರಸ್ತ್ರಾಣ ತೊಟ್ಟ ರೋಮಾ ದೇವತೆ, ಇನ್ನೊಂದು ಬದಿ ಅವಳಿ ಮಕ್ಕಳಿಗೆ ಹಾಲೂಡಿಸುವ ತೋಳವಿರುವ ನಾಣ್ಯ ಪದಕಕ್ಕೆ ಬಹಳ ಜನಪ್ರಿಯ. 17–18 ಮಿ.ಮೀ. ಅಗಲ, 2.5 ಗ್ರಾಂ ಆಸುಪಾಸು. ಕೆಲವು ಸಾವಿರ ರೂಪಾಯಿಗೆ ಒಳ್ಳೆಯದೇ ಸಿಗುತ್ತದೆ. ಚಿತ್ರವೂ ಕತೆಯೂ ಡಿನೇರಿಯಸ್‌ಗಿಂತ ಹೆಚ್ಚು ಸೆಳೆಯುತ್ತವೆ ಎಂಬುದನ್ನು ಒಪ್ಪುತ್ತೇವೆ. ತೊಂದರೆ ಇರುವುದು ಕಂಚಿನಲ್ಲಿ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ನಾಣ್ಯದ ಒಳಗೆ ಅಡಗಿದ್ದರೆ, ತೇವ ಮತ್ತು ಗಾಳಿ ತಾಗಿದೊಡನೆ ಮತ್ತೆ ಕೆಲಸ ಶುರುಮಾಡುತ್ತದೆ. ತಿಳಿ ಹಸಿರು ಪುಡಿ ಉದುರತೊಡಗಿ ಲೋಹ ಹಳ್ಳಬೀಳುತ್ತದೆ. ಕಂಚಿನ ರೋಗ ಎನ್ನುವುದು ಇದನ್ನೇ. ಸಾಮಾನ್ಯ ಕಿಲುಬು ಗಟ್ಟಿ, ಉಗುರಿಗೆ ಬರುವುದಿಲ್ಲ. ಈ ರೋಗದ ಪುಡಿ ಹಲ್ಲುಕಡ್ಡಿಯಿಂದ ಮುಟ್ಟಿದರೆ ಸಾಕು, ಉದುರುತ್ತದೆ. ನಮ್ಮ ಬೆವರಿನಲ್ಲೇ ಉಪ್ಪಿರುವುದರಿಂದ, ಬರಿಮೈಗೆ ತಾಗುವ ಕಂಚಿನ ಪದಕ ಈ ರೋಗವನ್ನು ತಾನೇ ಕರೆದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಭಟ್ಟಿಯಿಳಿಸಿದ ನೀರಿನಲ್ಲಿ ಒದ್ದೆಮಾಡಿ ಹಿಂಡಿದ ಹತ್ತಿಯನ್ನಿಟ್ಟು, ಅದಕ್ಕೆ ತಾಗದಂತೆ ನಾಣ್ಯವನ್ನಿಟ್ಟು ಎರಡು ಮೂರು ದಿನ ಬಿಡಿ. ತಿಳಿ ಹಸಿರಿನ ಹೊಸ ಚುಕ್ಕೆ ಮೂಡಿದರೆ ಆ ನಾಣ್ಯ ಆಭರಣಕ್ಕೆ ಬೇಡ, ಸಂರಕ್ಷಣಾ ತಜ್ಞರ ಕೈಗೆ ಹೋಗಲಿ. ಕಟ್ಟಿದ ಮೇಲೆ ಈ ಪರೀಕ್ಷೆ ಮಾಡುವುದು ತಡವಾದ ಕೆಲಸ. ಅಂಚಿನ ಪಟ್ಟಿಯ ಅಡಿಯಲ್ಲೇ ರೋಗ ಮೊದಲು ಶುರುವಾಗುತ್ತದೆ, ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಶತಮಾನದ ಆಂಟೊನಿನಿಯಾನಸ್ ನಾಣ್ಯಗಳನ್ನು ಅಂಗಡಿಗಳು ‘ಬೆಳ್ಳಿ’ ಎಂದೇ ಮಾರುತ್ತವೆ. ಸೂರ್ಯಕಿರಣದಂಥ ಮುಳ್ಳುಕಿರೀಟವೇ ಅದರ ಗುರುತು. 215ರಲ್ಲಿ ಕ್ಯಾರಕಲ್ಲಾ ಹೊರಡಿಸಿದಾಗ ಅರ್ಧದಷ್ಟು ಬೆಳ್ಳಿಯಿತ್ತು. ಎರಡನೆಯ ಕ್ಲಾಡಿಯಸ್ (268–270) ಕಾಲಕ್ಕೆ ನೂರಕ್ಕೆ ಕೆಲವೇ ಪಾಲು. ಆಮೇಲಿನವುಗಳ ಹೊಳಪೆಲ್ಲ ಮೇಲಿನ ತೆಳುವಾದ ಬೆಳ್ಳಿ ಲೇಪ. ಬಟ್ಟೆಗೂ ಚರ್ಮಕ್ಕೂ ಉಜ್ಜಿದರೆ ಕೆಲವೇ ತಿಂಗಳಲ್ಲಿ ಅದು ಹೋಗಿ ಕಂದು ಬಣ್ಣ ಉಳಿಯುತ್ತದೆ. 1,700 ವರ್ಷ ಉಳಿದುಬಂದ ಲೇಪವನ್ನು ಹೀಗೆ ಸವೆಸುವುದು ಸರಿಯಲ್ಲ.

ಸೆಸ್ಟರ್ಷಿಯಸ್ ಹಿತ್ತಾಳೆಯದು, 32ರಿಂದ 35 ಮಿ.ಮೀ., 25 ಗ್ರಾಂ. ಚೌಕಟ್ಟು ಸೇರಿದರೆ 35 ಗ್ರಾಂ ದಾಟುತ್ತದೆ, ಬಗ್ಗಿದಾಗಲೆಲ್ಲ ತೂಗಾಡಿ ಮೇಜಿಗೆ ಬಡಿಯುತ್ತದೆ. ಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು ನೋಡಿ ಸಂತೋಷಪಡಲು ಇದಕ್ಕಿಂತ ಒಳ್ಳೆಯ ರೋಮನ್ ನಾಣ್ಯವಿಲ್ಲ.

ಚಿನ್ನದಲ್ಲಿ ಎರಡು ದಾರಿ. ನೀರೋ ನಂತರದ ಆರಿಯಸ್ 7.3 ಗ್ರಾಂ ಆಸುಪಾಸು, ದಪ್ಪ, ಉಬ್ಬು ಎತ್ತರ, ಬೆಲೆ ಹಲವು ಲಕ್ಷ. ಕಾನ್‌ಸ್ಟಂಟೈನ್ ಆರಂಭಿಸಿದ ಸಾಲಿಡಸ್ ರೋಮನ್ ಪೌಂಡಿನ 72ನೇ ಒಂದು ಪಾಲು, ಅಂದರೆ 4.5 ಗ್ರಾಂ, 20–21 ಮಿ.ಮೀ. ಅಗಲ, ತೆಳು. ನೂರಾರು ವರ್ಷ ಅಚ್ಚಾದ ನಾಣ್ಯವಾದ್ದರಿಂದ ಸಿಗುವುದು ಸುಲಭ. ಪದಕಕ್ಕೆ ಸಾಲಿಡಸ್ ಸಾಕು. ಅದರಲ್ಲೂ ಹಿಂದೊಮ್ಮೆ ಆಭರಣವಾಗಿದ್ದು, ಅಂಚಿನಲ್ಲಿ ಕೊಂಡಿ ತೆಗೆದ ಗುರುತಿರುವ ಸಾಲಿಡಸ್ ಹುಡುಕಿ. ಸಂಗ್ರಾಹಕರು ಅದನ್ನು ಬದಿಗಿಡುವುದರಿಂದ ಬೆಲೆ ಇಳಿದಿರುತ್ತದೆ, ನಿಮ್ಮಿಂದ ಹೊಸ ಹಾನಿಯೂ ಆಗುವುದಿಲ್ಲ. ಈ ವಿಷಯದಲ್ಲಿ ನಾವು ಕೊಡಬಹುದಾದ ಅತ್ಯಂತ ಒಳ್ಳೆಯ ಸಲಹೆ ಇದೇ.

ಕಟ್ಟಿದ್ದನ್ನು ಕೊಳ್ಳುವುದೋ, ಬಿಡಿ ನಾಣ್ಯ ಕೊಂಡು ಕಟ್ಟಿಸುವುದೋ

ಬಿಡಿಯಾಗಿ ಕೊಳ್ಳಿ. ನಕಲಿಯ ಗುಟ್ಟು ರಟ್ಟಾಗುವುದು ಅಂಚಿನಲ್ಲಿ. ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತ ಜೋಡಣೆಯ ಗೆರೆ ಇರುತ್ತದೆ ಅಥವಾ ಆ ಗೆರೆಯನ್ನು ಅರ ಹಾಕಿ ಅಳಿಸಿದ ಸಮಾನಾಂತರ ಗೀರುಗಳಿರುತ್ತವೆ. ಅಕ್ಷರಗಳ ಬುಡದಲ್ಲಿ ಗುಳ್ಳೆ, ಅಂಚು ಮೊಂಡಾದ ಅಕ್ಷರ ಇವೂ ಎರಕದ ಲಕ್ಷಣ. ಅಚ್ಚೊತ್ತಿದ ಅಸಲಿಯಲ್ಲಿ ಏಟಿಗೆ ಲೋಹ ಹೊರಕ್ಕೆ ಹರಿದು, ಅಂಚು ಅಲ್ಲಲ್ಲಿ ಸೀಳಿರುತ್ತದೆ. ಪಟ್ಟಿ ಕಟ್ಟಿಬಿಟ್ಟರೆ ಇವೆಲ್ಲ ಮುಚ್ಚಿಹೋಗುತ್ತವೆ, ನಾಣ್ಯವನ್ನಷ್ಟೇ ತೂಗುವುದಕ್ಕೂ ಆಗುವುದಿಲ್ಲ. ಕಟ್ಟಿದ್ದನ್ನೇ ಕೊಳ್ಳಬೇಕಾಗಿ ಬಂದರೆ, ಕಟ್ಟುವ ಮೊದಲು ತೆಗೆದ ಎರಡೂ ಬದಿಯ ಮತ್ತು ಅಂಚಿನ ಚಿತ್ರ, ಮಿಲಿಗ್ರಾಂವರೆಗಿನ ತೂಕ, ರೋಮನ್ ಸಾಮ್ರಾಜ್ಯದ ನಾಣ್ಯಗಳ ಪ್ರಮಾಣಸೂಚಿಯಾದ ಆರ್‌ಐಸಿ ಸಂಖ್ಯೆ, ಈ ಮೂರನ್ನೂ ಬಿಲ್ಲಿನ ಜೊತೆ ಕೇಳಿ. ಆರ್‌ಐಸಿ ಸಂಖ್ಯೆಯನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಆಕ್ರೆ (OCRE) ಜಾಲತಾಣದಲ್ಲಿ ಉಚಿತವಾಗಿ ತಾಳೆ ನೋಡಬಹುದು. ‘ಅಸಲಿ ಎಂಬ ಪ್ರಮಾಣಪತ್ರ’ ಎಂದು ಅಂಗಡಿಯವರೇ ಅಚ್ಚುಹಾಕಿಸಿದ ಕಾಗದಕ್ಕೆ ಈ ಮೂರರ ತೂಕವಿಲ್ಲ.

ಈಜು, ವ್ಯಾಯಾಮ, ಅಡುಗೆಮನೆ ಎಂದು ನೋಡದೆ ಹಗಲು ರಾತ್ರಿ ಹಾಕಿಕೊಂಡೇ ಇರುವವರಿಗೆ ಅಸಲಿ ನಾಣ್ಯ ಬೇಡವೇ ಬೇಡ. ಮ್ಯೂಸಿಯಂ ಮಳಿಗೆಗಳಲ್ಲಿ ಸಿಗುವ 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಬೆಳ್ಳಿ) ಪ್ರತಿಕೃತಿ ಕೊಳ್ಳಿ. ಅದನ್ನು ತೊಳೆಯಬಹುದು, ತಿಕ್ಕಬಹುದು, ನೆಗ್ಗಿದರೆ ಬದಲಿಸಬಹುದು.

ಕಟ್ಟು: ಇಲ್ಲೇ ಹೆಚ್ಚಿನವರು ಎಡವುವುದು

ನಾಲ್ಕು ಬಗೆಯ ಕಟ್ಟು ಚಾಲ್ತಿಯಲ್ಲಿದೆ: ನೇರ ಬೆಸುಗೆ, ಬೆಜೆಲ್ ಎನ್ನುವ ಸುತ್ತುಪಟ್ಟಿ, ಪ್ರಾಂಗ್ ಎನ್ನುವ ಮುಳ್ಳುಹಿಡಿತ, ಮತ್ತು ತಿರುಪಿನ ಚೌಕಟ್ಟು.

ನಾಣ್ಯಕ್ಕೇ ಕೊಂಡಿಯನ್ನು ಬೆಸೆಯುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. ಬೆಳ್ಳಿ ಬೆಸುಗೆ ಹರಿಯುವುದು 650ರಿಂದ 750 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಶಾಖಕ್ಕೆ ಪಟಿನಾ (ಕಾಲಕ್ರಮದಲ್ಲಿ ಲೋಹದ ಮೇಲೆ ಕೂತ ಬಣ್ಣದ ಪದರ) ಸುಟ್ಟುಹೋಗುತ್ತದೆ, ಬೆಳ್ಳಿಯೊಳಗಿನ ತಾಮ್ರ ಮೇಲೆದ್ದು ಕಪ್ಪು ಕಲೆಯಾಗುತ್ತದೆ, ಪೆಡಸಾದ ನಾಣ್ಯ ಸೀಳುತ್ತದೆ. ಕಲೆ ತೆಗೆಯಲು ಆಸಿಡ್‌ನಲ್ಲಿ ಅದ್ದಿದರೆ ಉಳಿದದ್ದೂ ಹೋಗುತ್ತದೆ. ಕಡಿಮೆ ಶಾಖದ ಸೀಸ–ತವರದ ಬೆಸುಗೆ ಸುಡುವುದಿಲ್ಲ ನಿಜ, ಆದರೆ ಬೆಳ್ಳಿಗೆ ಕಚ್ಚಿ ಕೂತು ಎಂದಿಗೂ ಪೂರ್ತಿ ಬಿಡುವುದಿಲ್ಲ. ಎಪಾಕ್ಸಿ ಅಂಟೂ ಹಾಗೆಯೇ, ಹಳದಿಯಾಗುತ್ತದೆ, ಕೆರೆದು ತೆಗೆಯುವಾಗ ಪಟಿನಾವನ್ನೂ ಎಳೆದುಕೊಂಡು ಬರುತ್ತದೆ.

ಬೆಜೆಲ್ ನಮ್ಮ ಮೊದಲ ಆಯ್ಕೆ, ಆದರೆ ಆ ನಾಣ್ಯಕ್ಕೆಂದೇ ಮಾಡಿದ್ದಾಗಿರಬೇಕು. ಸಿದ್ಧವಾಗಿ ಸಿಗುವ 18 ಮಿ.ಮೀ. ಬೆಜೆಲ್‌ಗಳು ಗುಂಡಗಿರುತ್ತವೆ, ಕೈಯಿಂದ ಅಚ್ಚೊತ್ತಿದ ರೋಮನ್ ನಾಣ್ಯ ಗುಂಡಗಿರುವುದಿಲ್ಲ. ಅದನ್ನು ಕೂರಿಸಲು ಅಕ್ಕಸಾಲಿಗ ಅಂಚಿಗೆ ಅರ ಹಾಕಿದರೆ ಅಲ್ಲಿಗೆ ಮುಗಿಯಿತು. ಕೆಲಸ ಕೊಡುವಾಗಲೇ ‘ನಾಣ್ಯಕ್ಕೆ ಅರ ಮುಟ್ಟಿಸಬಾರದು, ಬೆಂಕಿ ತೋರಿಸಬಾರದು’ ಎಂದು ಚೀಟಿಯಲ್ಲಿ ಬರೆದುಕೊಡಿ.

ಟ್ರಾಜನನ ಒಂದು ಡಿನೇರಿಯಸ್ ಇದೆ ಎಂದಿಟ್ಟುಕೊಳ್ಳಿ. ಕ್ಯಾಲಿಪರ್‌ನಲ್ಲಿ ಉದ್ದ 18.6, ಅಡ್ಡ 17.8 ಮಿ.ಮೀ.; ದಪ್ಪ ಒಂದು ಕಡೆ 2.0, ಇನ್ನೊಂದು ಕಡೆ 1.6. ಸುತ್ತಳತೆ ಸುಮಾರು 57 ಮಿ.ಮೀ. ಪಟ್ಟಿಗೆ 0.4 ಮಿ.ಮೀ. ದಪ್ಪದ 999 ಬೆಳ್ಳಿ ತೆಗೆದುಕೊಂಡರೆ, ಪಟ್ಟಿಯ ದಪ್ಪಕ್ಕೆಂದು 1.3 ಮಿ.ಮೀ., ಸಡಿಲಕ್ಕೆಂದು 0.6 ಮಿ.ಮೀ. ಸೇರಿಸಿ ಹತ್ತಿರಹತ್ತಿರ 59 ಮಿ.ಮೀ. ಉದ್ದ ಕತ್ತರಿಸಬೇಕು. ನಾಣ್ಯದ ಗಡಿಯನ್ನು ತಾಮ್ರದ ತಗಡಿನ ಮೇಲೆ ಗುರುತುಹಾಕಿ ಒಂದು ನಮೂನೆ ಕತ್ತರಿಸಿಕೊಂಡರೆ, ಪಟ್ಟಿಯ ಬೆಸುಗೆ, ಒಳಮೆಟ್ಟಿಲು, ಮೇಲಿನ ಕೊಂಡಿ, ಪಾಲಿಷ್ ಎಲ್ಲವನ್ನೂ ಆ ನಮೂನೆಯಿಂದಲೇ ಮುಗಿಸಬಹುದು. ನಾಣ್ಯ ಬರಬೇಕಾದದ್ದು ಕಡೆಗೆ, ತಣ್ಣಗಾದ ಚೌಕಟ್ಟಿಗೆ. ಬೆರಳಿನಿಂದ ಬಿಟ್ಟರೆ ತಾನೇ ಕೂರಬೇಕು, ಅಲ್ಲಾಡಿಸಿದರೆ ಸದ್ದಾಗಬಾರದು.

ಪಟ್ಟಿಗೆ 925ಕ್ಕಿಂತ 999 ಬೆಳ್ಳಿ ಮೇಲು. 925 ಗಟ್ಟಿ, ಮಡಿಸಲು ಬಲ ಹೆಚ್ಚು ಬೇಕು, ಆ ಬಲ ನಾಣ್ಯದ ಅಂಚಿಗೆ ಹೋಗುತ್ತದೆ. ಹಿಂಭಾಗ ತೆರೆದಿರಲಿ, ಒಳಗೆ ತೆಳುವಾದ ಮೆಟ್ಟಿಲಿನ ಮೇಲೆ ನಾಣ್ಯ ಕೂರಲಿ. ಎರಡೂ ಮುಖ ಕಾಣುತ್ತವೆ, ಬೆವರೂ ನಿಲ್ಲುವುದಿಲ್ಲ. ಮಡಿಸುವಾಗ ಮೇಲೆ–ಕೆಳಗೆ, ಎಡ–ಬಲ ಹೀಗೆ ಎದುರುಬದುರಾಗಿ ಒತ್ತಿಕೊಂಡು ಹೋಗಬೇಕು. ಒಂದೇ ಕಡೆಯಿಂದ ಸುತ್ತಿಕೊಂಡು ಬಂದರೆ ನಾಣ್ಯ ವಾಲುತ್ತದೆ.

ಪಟ್ಟಿಯ ಎತ್ತರದ ವಿಷಯದಲ್ಲಿ ನುರಿತ ಅಕ್ಕಸಾಲಿಗರೂ ಮೋಸಹೋಗುವುದುಂಟು. ಇಂದಿನ ನಾಣ್ಯಕ್ಕೆ ಉಬ್ಬಿದ ಏಣು ಇರುತ್ತದೆ, ಅದು ಚಿತ್ರವನ್ನು ಕಾಯುತ್ತದೆ. ರೋಮನ್ ನಾಣ್ಯದಲ್ಲಿ ಅಂಥ ಏಣು ಇಲ್ಲ. ಎಲ್ಲಕ್ಕಿಂತ ಎತ್ತರದಲ್ಲಿರುವುದು ಚಕ್ರವರ್ತಿಯ ಕೆನ್ನೆ, ಕಿವಿಯ ಮೇಲಿನ ಕೂದಲು. ಪಟ್ಟಿಯ ತುಟಿ ಅದಕ್ಕಿಂತ ತಗ್ಗಿದ್ದರೆ ಬಟ್ಟೆಗೆ ಉಜ್ಜಿ ಮೊದಲು ಸವೆಯುವುದು ಅದೇ. ಮಡಿಸಿದ ಮೇಲೆ ಪದಕವನ್ನು ಗಾಜಿನ ಮೇಲೆ ಬೋರಲು ಹಾಕಿ, ತೆಳು ಕಾಗದ ತೂರಿಸಿ ನೋಡಿ. ಕಾಗದ ಕೆನ್ನೆಯ ಕೆಳಗೆ ಸಲೀಸಾಗಿ ಹೋಗಬೇಕು.

ಅಂಚು ಬಹಳ ಒಡೆದಿರುವ ನಾಣ್ಯಕ್ಕೆ ಪ್ರಾಂಗ್ ವಾಸಿ. ನಾಲ್ಕಕ್ಕಿಂತ ಆರು ಮುಳ್ಳು ಒಳ್ಳೆಯದು, ಒತ್ತಡ ಹಂಚಿಹೋಗುತ್ತದೆ. ಅಕ್ಷರಗಳ ಮೇಲೆ ಮುಳ್ಳು ಬರದಂತೆ ಖಾಲಿ ಜಾಗ ಆರಿಸಬೇಕು. ರೇಷ್ಮೆ ಸೀರೆಯ ಎಳೆಗೆ ಸಿಕ್ಕಿಕೊಳ್ಳುವುದು ಇದರ ದೊಡ್ಡ ಕೊರತೆ. ಚಿನ್ನದ ನಾಣ್ಯಕ್ಕಾದರೆ ಇನ್ನೊಂದು ಲೆಕ್ಕವಿದೆ: ರೋಮನ್ ಚಿನ್ನ ಹೆಚ್ಚುಕಡಿಮೆ ಅಪರಂಜಿ, ಬಲು ಮೆದು. 18 ಕ್ಯಾರೆಟ್‌ನ ಮುಳ್ಳು ಅದಕ್ಕಿಂತ ಎಷ್ಟೋ ಗಟ್ಟಿ, ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ. 22 ಕ್ಯಾರೆಟ್ ಪಟ್ಟಿಯನ್ನೇ ಕೇಳಿ.

ತಿರುಪಿನ ಚೌಕಟ್ಟು ತತ್ತ್ವದಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಬೇಕೆಂದಾಗ ಬಿಚ್ಚಬಹುದು. ಗುಂಡಗಿರುವ ಸಾಲಿಡಸ್‌ಗೆ ಹೊಂದುತ್ತದೆ. ಡೊಂಕಾದ ಡಿನೇರಿಯಸ್‌ಗಾದರೆ ಒಳಗೆ ನಾಣ್ಯದ ಆಕಾರಕ್ಕೆ ಕತ್ತರಿಸಿದ ಉಂಗುರ ಬೇಕಾಗುತ್ತದೆ, ಕೂಲಿ ಹೆಚ್ಚು.

ಕಂಚಿನ ನಾಣ್ಯಕ್ಕೆ ಬೆಳ್ಳಿ ಕಟ್ಟು ಹಾಕಿಸುವವರು ಒಂದು ಮಾತು ತಿಳಿದಿರಬೇಕು. ಎರಡು ಲೋಹಗಳ ನಡುವೆ ಬೆವರು ನಿಂತರೆ ಸವೆಯುವುದು ಕಂಚೇ ಹೊರತು ಬೆಳ್ಳಿಯಲ್ಲ. ಕಟ್ಟುವ ಮೊದಲು ನಾಣ್ಯಕ್ಕೆ ರೆನೆಸಾನ್ಸ್ ವ್ಯಾಕ್ಸ್‌ನಂಥ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಎರಡು ಸಲ ಹಚ್ಚಿ, ಒಣಗಿಸಿ, ಮೆದುಬಟ್ಟೆಯಲ್ಲಿ ಒರೆಸಿ. ಹಾಗಿದ್ದೂ ಇದನ್ನು ಬಟ್ಟೆಯ ಮೇಲೆಯೇ ಹಾಕಿಕೊಳ್ಳಬೇಕು, ಮೈಗೆ ತಾಗಿಸಬಾರದು.

ಕೊಂಡಿ ಎಲ್ಲಿ ಬರಬೇಕು

ಇದನ್ನು ಯಾರೂ ಮೊದಲೇ ಕೇಳುವುದಿಲ್ಲ, ಆಮೇಲೆ ಎಲ್ಲರೂ ಪೇಚಾಡುತ್ತಾರೆ. ರೋಮನ್ ನಾಣ್ಯದ ಎರಡು ಬದಿಯ ಅಚ್ಚುಗಳು ಒಂದಕ್ಕೊಂದು ಸರಿಯಾಗಿ ಹೊಂದಿರಲೇಬೇಕೆಂದಿಲ್ಲ. ಮುಂಬದಿಯ ತಲೆಯನ್ನು ನೇರ ನಿಲ್ಲಿಸಿ, ನಾಣ್ಯವನ್ನು ಪುಟ ಮಗುಚಿದ ಹಾಗೆ ಅಡ್ಡಕ್ಕೆ ತಿರುಗಿಸಿ ನೋಡಿ. ಹಿಂಬದಿಯ ದೇವತೆಯೂ ನೇರ ನಿಂತಿದ್ದರೆ ಎರಡೂ ಕಡೆ ಹಾಕಿಕೊಳ್ಳಬಹುದು. ತಲೆಕೆಳಗಾಗಿದ್ದರೆ ಒಂದೇ ಬದಿಯ ಪದಕ ಅದು. ಎರಡೂ ಬದಿ ಬೇಕೆಂಬುವರು ಕೊಳ್ಳುವಾಗಲೇ ಮಾರುವವರನ್ನು ಅಚ್ಚಿನ ಕೋನ ಕೇಳಬೇಕು. ಮಾರಾಟದ ಪಟ್ಟಿಗಳಲ್ಲಿ ಗಡಿಯಾರದ ಗಂಟೆಯ ಲೆಕ್ಕದಲ್ಲಿ ಬರೆದಿರುತ್ತಾರೆ. 12 ಎಂದಿದ್ದರೆ ಪದಕಕ್ಕೆ ಸರಿ, 6 ಎಂದಿದ್ದರೆ ತಲೆಕೆಳಗು.

ತೂತು

ಹೊಸದಾಗಿ ಕೊರೆಸುವುದು ಬೇಡ, ಈ ಮಾತಿಗೆ ವಿನಾಯಿತಿಯಿಲ್ಲ. ತೂತಿನ ಪದಕವೇ ಇಷ್ಟವೆಂದರೆ ಹಿಂದಿನವರೇ ತೂತು ಮಾಡಿದ ನಾಣ್ಯ ಹುಡುಕಿ. ಅಖಂಡ ನಾಣ್ಯಕ್ಕಿಂತ ಅದು ಅಗ್ಗವೂ ಹೌದು. ಹಳೆಯ ತೂತು ಸಾಮಾನ್ಯವಾಗಿ ಮೊಳೆಯಿಂದ ಹೊಡೆದದ್ದು: ಒಂದು ಬದಿ ತಗ್ಗು, ಇನ್ನೊಂದು ಬದಿ ಎದ್ದ ಅಂಚು, ಒಳಗೋಡೆಯಲ್ಲೂ ಹೊರಗಿನದೇ ಪಟಿನಾ, ದಾರ ಉಜ್ಜಿ ನುಣುಪಾದ ಮೇಲ್ತುದಿ. ಡ್ರಿಲ್ಲಿನ ತೂತಿನ ಗೋಡೆ ನೆಟ್ಟಗಿದ್ದು ಸುತ್ತುಗೆರೆಗಳಿರುತ್ತವೆ, ಒಳಗೆ ಲೋಹ ಹೊಳೆಯುತ್ತದೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತುಗಳಿವೆ. ಒಂದೇ ತೂತಾದರೆ ನಾಣ್ಯ ತಿರುಗುತ್ತಿರುತ್ತದೆ, ಎರಡಿದ್ದರೆ ಮುಖ ಎದುರಿಗೇ ನಿಲ್ಲುತ್ತದೆ. ಕಾಸಿನ ಸರ ಬಲ್ಲ ನಾಡಿನ ಕೈಗೆ ಇದು ಹೊಳೆದದ್ದು ಸಹಜವೇ.

ತೂತಿಗೆ ಗಟ್ಟಿ ಉಕ್ಕಿನ ಅಥವಾ 18 ಕ್ಯಾರೆಟ್ ಚಿನ್ನದ ಸುತ್ತುಕೊಂಡಿ ಹಾಕಬೇಡಿ, ತೂತನ್ನು ಮೇಲಕ್ಕೆ ಸವೆಸಿ ಕೊನೆಗೆ ಹರಿಯುತ್ತದೆ. 999 ಬೆಳ್ಳಿಯ ಮೆದು ತಂತಿ ಅಥವಾ ರೇಷ್ಮೆ ದಾರ ಹಾಕಿ, ವರ್ಷಕ್ಕೊಮ್ಮೆ ಬದಲಿಸಿ.

ಉಂಗುರ, ಓಲೆ, ಕಡಗ

ಪದಕವೇ ಸುರಕ್ಷಿತ. ಉಂಗುರಕ್ಕೆ ದಿನವಿಡೀ ಏಟು, ಸೋಪು, ನೀರು. ಮಾಡಿಸಲೇಬೇಕೆಂದರೆ 15 ಮಿ.ಮೀ. ಒಳಗಿನ ಬೆಳ್ಳಿ ನಾಣ್ಯವನ್ನು ಚೌಕಟ್ಟಿನ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಹಬ್ಬ ಮದುವೆಗಷ್ಟೇ ಹಾಕಿಕೊಳ್ಳಿ. ಓಲೆಗೆ ತೂಕವೇ ಮುಖ್ಯ: ಡಿನೇರಿಯಸ್ ಕಟ್ಟು ಸೇರಿ ಒಂದೊಂದು ಕಿವಿಗೆ 5–6 ಗ್ರಾಂ ಬೀಳುತ್ತದೆ, ಇಡೀ ದಿನಕ್ಕೆ ಅದು ಭಾರ. ಜೋಡಿಯೂ ಸುಲಭವಾಗಿ ಹೊಂದುವುದಿಲ್ಲ, ತೂಕದಲ್ಲಿ 0.3 ಗ್ರಾಂ, ಅಗಲದಲ್ಲಿ 0.5 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಹಲವು ನಾಣ್ಯ ತೂಗುಬಿಟ್ಟ ಕಡಗದಲ್ಲಿ ಅವು ಒಂದಕ್ಕೊಂದು ಬಡಿದುಕೊಂಡು ಸವೆಯುತ್ತವೆ.

ಇಟ್ಟುಕೊಳ್ಳುವುದು

ಹುಣಸೆಹಣ್ಣು, ವಿಭೂತಿ, ಪೀತಾಂಬರಿ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಅಂಗಡಿಯ ಅಲ್ಟ್ರಾಸಾನಿಕ್ ತೊಟ್ಟಿಯೂ ಬೇಡ, ಬಿರುಕಿರುವ ಬೆಳ್ಳಿ ಅದರಲ್ಲಿ ಒಡೆಯಬಹುದು. ಅಕ್ಷರಗಳ ಸಂದಿನಲ್ಲಿ ಕೂತ ಕಪ್ಪೇ ಚಿತ್ರವನ್ನು ಎದ್ದು ಕಾಣಿಸುವುದು, ಅದನ್ನು ತೆಗೆದರೆ ಪ್ರತಿಕೃತಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ತೆಗೆದಿಡುವಾಗ ಒಣ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ತಿಕ್ಕಬೇಡಿ. ಸೆಂಟು, ಕ್ರೀಮು ಹಚ್ಚಿಕೊಂಡು ಆರಿದ ಮೇಲೆ ಹಾಕಿಕೊಳ್ಳಿ. ಕಂಚಿನದನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ತೇವಾಂಶ ಶೇ. 40ರ ಕೆಳಗಿರಬೇಕು, ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಜೆಲ್ ಬೇಗ ತುಂಬುವುದರಿಂದ ಪದೇ ಪದೇ ಒಣಗಿಸಬೇಕು. ಮರದ ಪೆಟ್ಟಿಗೆಯ ಆಮ್ಲ ಕಂಚಿಗೆ ಆಗದು.

ಕಾಗದಪತ್ರ

ಪ್ರವಾಸದಲ್ಲಿ ಕೊಳ್ಳಬೇಡಿ. ಟರ್ಕಿಯ ಪುರಾತನ ಅವಶೇಷಗಳ ಬಳಿ ಕೈಯಲ್ಲಿ ಹಿಡಿದು ಮಾರುವ ‘ರೋಮನ್ ನಾಣ್ಯ’ಗಳಲ್ಲಿ ಹೆಚ್ಚಿನವು ನಕಲಿ. ಅಸಲಿಯೇ ಆಗಿದ್ದರೆ ಅದನ್ನು ದೇಶದಿಂದ ಹೊರಗೆ ಒಯ್ಯುವುದು ಅಲ್ಲಿ ಅಪರಾಧ. ಬಿಲ್ಲಿನಲ್ಲಿ ಹಿಂದಿನ ಮಾಲೀಕತ್ವದ ವಿವರ ಇರುವ, ಹೆಸರು ವಿಳಾಸವಿರುವ ನಾಣ್ಯ ವ್ಯಾಪಾರಿಯಿಂದಲೇ ಕೊಳ್ಳಿ. ಬ್ರಿಟನ್ನಿನಲ್ಲಿ ಮೆಟಲ್ ಡಿಟೆಕ್ಟರ್‌ನಿಂದ ಸಿಕ್ಕಿ, ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಾದ ನಾಣ್ಯಕ್ಕೆ ಸಿಕ್ಕ ಜಾಗದ ದಾಖಲೆಯೇ ಇರುತ್ತದೆ. ಅಂಥದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಮ್ಮ ನೆಲದಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. 1891ರಲ್ಲಿ ಯಶವಂತಪುರದ ಬಳಿ ಬೆಳ್ಳಿ ಡಿನೇರಿಯಸ್‌ಗಳ ನಿಧಿ ಬಂತು, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ದೊರೆತಿವೆ. ಹೊಲದಲ್ಲೋ ಪಾಯ ತೋಡುವಾಗಲೋ ಅಂಥದ್ದು ಸಿಕ್ಕರೆ ಅದು ಆಭರಣದ ಸಾಮಗ್ರಿಯಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಅಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಇನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಡಿ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತುವೇ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಲಂಡನ್ನಿನಲ್ಲೋ ದುಬೈಯಲ್ಲೋ ಕೊಂಡ ಪದಕವನ್ನು ಹಾಕಿಕೊಂಡು ಊರಿಗೆ ಬಂದು ವಾಪಸು ಹೊರಟವರನ್ನು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆದರೆ, ಇದು ಹೊರಗಿನಿಂದಲೇ ತಂದದ್ದೆಂದು ಸಾಬೀತುಪಡಿಸುವ ಹೊಣೆ ಹಾಕಿಕೊಂಡವರ ಮೇಲೆಯೇ ಬೀಳುತ್ತದೆ. ಊರಿಗೆ ಬರುವಾಗ ಅದನ್ನು ಅಲ್ಲೇ ಲಾಕರಿನಲ್ಲಿಟ್ಟು, ಮದುವೆಮನೆಗೆ ಪ್ರತಿಕೃತಿಯನ್ನು ಹಾಕಿಕೊಂಡು ಬನ್ನಿ.